ಪುಷ್ಯದ ಚಳಿಯಲ್ಲಿ ನಾಲ್ಕು ದಿನ ಕಟ್ಟಿಗೆ ಕೆಲಸ

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ದೊಡ್ಡಮ್ಮನ ಕೆಮ್ಮು ಕೇಳಿ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬಚ್ಚಲ ಒಲೆಗೆ ಹಾಕಿದ ಕಟ್ಟಿಗೆ ಉರಿಯುವ ಬದಲು ಬುಸುಗುಡುತ್ತಿತ್ತು. ತುದಿಯಲ್ಲಿ ನೊರೆ. ಮನೆ ತುಂಬ ಹೊಗೆ. ಆ ಕಟ್ಟಿಗೆ ತಂದು ಒಟ್ಟಿದವನು ನಾನೇ. ಮೇ ಕೊನೆಯ ವಾರ ಗಡಿಬಿಡಿಯಲ್ಲಿ ಬಂದು, ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕಿ, ಮೇಲಿಂದ ನೆಲದವರೆಗೆ ತಾಡಪಾಲು ಸುತ್ತಿ ಹೋಗಿದ್ದೆ. ಗಾಳಿಯಾಡದೆ ಒಳಗೆ ಎಲ್ಲ ಬೂಸಲು ಹಿಡಿದಿತ್ತು.

ಹಾಗಾಗಿ ಈ ಸಲ ಸಂಕ್ರಾಂತಿ ಮುಗಿದ ಮರುದಿನವೇ ನಾಲ್ಕು ದಿನ ರಜೆ ಹಾಕಿ ಹೊರಟೆ. ನಮ್ಮ ಮನೆ ಶಿರಸಿ–ಕುಮಟಾ ರಸ್ತೆಯಲ್ಲಿ ಬಂಡಲದಿಂದ ಒಳಗೆ. ಕೊನೆಯ ಎರಡು ಕಿಲೋಮೀಟರ್ ಜೀಪ್ ಮಾತ್ರ ಹೋಗುತ್ತದೆ. ಮಳೆ ಹಿಡಿದರೆ ಅದೂ ಇಲ್ಲ. ದೊಡ್ಡಪ್ಪ ಹೋದಮೇಲೆ ದೊಡ್ಡಮ್ಮ ಒಬ್ಬರೇ ಅಲ್ಲಿದ್ದಾರೆ. ಅಡುಗೆಗೆ ಗ್ಯಾಸ್ ಇದೆ. ಆದರೆ ಸ್ನಾನದ ಹಂಡೆಗೆ, ಅಡಿಕೆ ಬೇಯಿಸುವುದಕ್ಕೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದಕ್ಕೂ ಬೆಂಕಿಯೇ ಆಗಬೇಕು.

ದಣಪೆ ದಾಟುವಷ್ಟರಲ್ಲಿ ದೊಡ್ಡಮ್ಮ ಜಗುಲಿಯಿಂದಲೇ ಹೇಳಿದರು: "ಹಸಿ ಕಟ್ಟಿಗೆ ಮಾತ್ರ ತರಡ ತಮಾ."

ಬೆಟ್ಟಕ್ಕೆ ಕಾಲಿಡುವ ಮೊದಲು ಒಂದು ಮಾತು. ಚಳಿಗಾಲದಿಂದ ಬೇಸಿಗೆಯವರೆಗೆ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ. ದರಕಿನ (ಉದುರಿದ ಒಣ ಎಲೆಗಳ) ಮೇಲೆ ಸುಮ್ನೆ ಕೂತರೂ ಸಾಕು, ಸಾಸಿವೆಗಿಂತ ಸಣ್ಣ ಉಣುಗು ಮೈಗೆ ಹತ್ತುತ್ತದೆ. ನಾನು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿಯೇ ಹೋಗುತ್ತಿದ್ದೆ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಮೀಯುವುದು. ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ ನೋಡಿಕೊಳ್ಳುವುದು. ಕಟ್ಟಿಗೆ ಒಂದು ಹೊರೆ ಕಡಿಮೆಯಾದರೂ ಪರವಾಗಿಲ್ಲ, ಇದನ್ನು ತಪ್ಪಿಸಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಿ.

ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಹೆಚ್ಚೆಂದರೆ 9 ಎಕರೆಯಂತೆ ಸೊಪ್ಪಿನ ಬೆಟ್ಟ ಬಿಟ್ಟಿರುವುದು ಹಳೆಯ ಪದ್ಧತಿ. ಅಲ್ಲಿಂದ ಸೊಪ್ಪು, ದರಕು, ಒಣಕಟ್ಟಿಗೆ ತರಬಹುದು. ಹಸಿ ಮರ ಕಡಿಯುವ ಹಾಗಿಲ್ಲ. ಕಡಿಯುವ ಅಗತ್ಯವೂ ಬೀಳಲಿಲ್ಲ. ಹಿಂದಿನ ಮಳೆಗಾಲದ ಗಾಳಿಗೆ ಬಿದ್ದ ಟೊಂಗೆಗಳೇ ಬೇಕಾದಷ್ಟಿದ್ದವು.

ಪಕ್ಕದ ಕೇರಿಯ ಗೌಡರು ಜೊತೆಗೆ ಬಂದಿದ್ದರು. ಬೆಳಿಗ್ಗೆ ಒಂಬತ್ತೂವರೆಯ ಮೊದಲು ಅವರು ಕೊಡಲಿ ಮುಟ್ಟುವುದಿಲ್ಲ. ಇಬ್ಬನಿಗೆ ನೆಂದ ದರಕಿನ ಮೇಲೆ ಕಾಲು ಜಾರುತ್ತದೆ. ಮೊದಲ ದಿನ ಒಂದು ಒಣಗಿದ ಟೊಂಗೆಗೆ ನಾನು ಕೈ ಹಾಕಿದೆ. ಅವರು ದೂರದಿಂದಲೇ ಕೂಗಿದರು: "ಹೆಗಡೇರೆ, ಮುಟ್ಬೇಡಿ, ಹೊಲಗೇರು ಅದು!" ತೊಗಟೆಯ ಮೇಲೆ ಟಾರಿನ ಹಾಗೆ ಕಪ್ಪಗೆ ಸೊನೆ ಇಳಿದು ಒಣಗಿತ್ತು. ಅದು ತಾಗಿದರೆ ಮೈ ಊದಿ ಬೊಬ್ಬೆ ಏಳುತ್ತದೆ. ಒಲೆಗೆ ಹಾಕಿದರೆ ಹೊಗೆಯೂ ಒಳ್ಳೆಯದಲ್ಲ. ಗುರುತು ಗೊತ್ತಿಲ್ಲದವರು ಗೊತ್ತಿದ್ದವರ ಜೊತೆಗೇ ಹೋಗಬೇಕು.

ನಾವು ಆರಿಸಿದ್ದು ಹೆಚ್ಚಾಗಿ ಮತ್ತಿ, ಹೊನಗಲು, ಜಂಬೆ. ಜಂಬೆ ಕೊಡಲಿಗೆ ಬಗ್ಗುವುದು ಕಷ್ಟ, ಆದರೆ ಒಂದು ಸೀಳು ಹಾಕಿದರೆ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಹಾಳವಾಣ, ಬೂರುಗದಂಥವನ್ನು ಬಿಟ್ಟೆವು. ಸರ್ರನೆ ಉರಿದು ಬೂದಿ ಅಷ್ಟೇ. ಒಂದು ದೊಡ್ಡ ಮತ್ತಿ ನಿಂತಲ್ಲೇ ಒಣಗಿತ್ತು, ಮೇಲೆ ಪೊಟರೆ. ಮಂಗಟ್ಟೆ ಹಕ್ಕಿಗಳು ಗೂಡಿಗೆ ಕೂರುವ ಕಾಲ ಇದು. ಅದರ ಬುಡಕ್ಕೂ ನಾವು ಹೋಗಲಿಲ್ಲ. ಮಣ್ಣಿಗೆ ಹತ್ತಿ ಮೆತ್ತಗಾದ ಕುಂಟೆಗಳನ್ನೂ (ಮರದ ದಿಮ್ಮಿಗಳನ್ನೂ) ಅಲ್ಲೇ ಬಿಟ್ಟೆವು. ಅವು ಬೆಟ್ಟಕ್ಕೇ ಗೊಬ್ಬರವಾಗಲಿ.

ಒಣಗಿದ್ದು ಹೌದೋ ಅಲ್ಲವೋ ತಿಳಿಯಲು ಗೌಡರು ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯುತ್ತಾರೆ. ಒಣಗಿದ್ದರೆ ಠಣ್ ಅನ್ನುತ್ತದೆ. ಹಸಿಯಿದ್ದರೆ ದಪ್ ಅಂತ ಸದ್ದು ಒಳಗೇ ಉಳಿಯುತ್ತದೆ. ಮತ್ತಿಯ ತೊಗಟೆ ಮೊಸಳೆ ಚರ್ಮದ ಹಾಗೆ, ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಕತ್ತಿಯಲ್ಲಿ ಎಬ್ಬಿಸಿ ತೆಗೆದೇ ಹೊರೆ ಕಟ್ಟಿದೆವು. ಒಂದು ತೊಗಟೆಯಡಿ ಚೇಳು ತಣ್ಣಗೆ ಮಲಗಿತ್ತು. ಬರಿಗೈಯಲ್ಲಿ ಎಬ್ಬಿಸಿದ್ದರೆ ಗತಿ ಬೇರೆಯಾಗುತ್ತಿತ್ತು.

ಸೀಳುವುದನ್ನು ನಾನು ಸರಿಯಾಗಿ ಕಲಿತದ್ದು ಈ ಸಲವೇ. ಇಷ್ಟು ವರ್ಷ ಕುಂಟೆಯ ನಟ್ಟನಡುವೆ ಹೊಡೆಯುತ್ತಿದ್ದೆ. ಕೊಡಲಿ ಸಿಕ್ಕಿಕೊಂಡು ಭುಜ ನೋಯುತ್ತಿತ್ತು. ಬಿಸಿಲಿಗೆ ತುದಿಯಲ್ಲಿ ಬಿರುಕು ಬಿಟ್ಟಿರುತ್ತದಲ್ವಾ, ಏಟು ಆ ಬಿರುಕಿನ ಗುಂಟ ಬೀಳಬೇಕು. ದಪ್ಪ ಕುಂಟೆಯಾದರೆ ಅಂಚಿನಿಂದ ಒಂದೊಂದೇ ಸೀಳು ಬಿಡಿಸುತ್ತ ಒಳಗೆ ಬರಬೇಕು. ಮೂರನೇ ದಿನ ಮಧ್ಯಾಹ್ನ ಜಂಬೆಯ ಕುಂಟೆಯೊಂದು ಒಂದೇ ಏಟಿಗೆ ಎರಡಾಯಿತು. ಒಳಗೆ ಕೆಂಪು ಕಂದು ತಿರುಳು, ಮುಟ್ಟಿದರೆ ಬೆಚ್ಚಗೆ, ಒಣಗಿ ಗಟ್ಟಿ. ಎಷ್ಟು ಖುಷಿಯಾಯಿತೆಂದರೆ ಒಂದು ಹೋಳನ್ನು ಎತ್ತಿಕೊಂಡು ಹೋಗಿ ದೊಡ್ಡಮ್ಮನಿಗೆ ತೋರಿಸಿದೆ. ಅವರು ಕಷಾಯ ಮಾಡುತ್ತಿದ್ದರು. ಉಗುರಲ್ಲಿ ಗೀರಿ ನೋಡಿ, "ಇದು ಅಡ್ಡಿಲ್ಲೆ" ಅಂದರು.

ನನ್ನ ಮಟ್ಟಿಗೆ ತರುವುದಕ್ಕಿಂತ ಒಟ್ಟುವುದೇ ದೊಡ್ಡ ಕೆಲಸ. ಕೊಟ್ಟಿಗೆಯ ಪಕ್ಕ ತೆಂಕು ಮುಖಕ್ಕೆ ಬಿಸಿಲು ಬೀಳುವ ಜಾಗ ಆರಿಸಿದೆ. ಒರಲೆ ಹತ್ತದ ಹಾಗೆ ಕೆಳಗೆ ಕಲ್ಲು, ಅದರ ಮೇಲೆ ಅಡಿಕೆ ಮರ ಸೀಳಿದ ದಬ್ಬೆ. ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ, ನಡುವೆ ಬೆರಳು ತೂರುವಷ್ಟು ಸಂದು. ಗೋಡೆಗೆ ತಾಗಿಸಲಿಲ್ಲ. ತಾಡಪಾಲು ಈ ಸಲ ತೆಗೆಯಲೇ ಇಲ್ಲ. ನೆತ್ತಿಯ ಮೇಲೆ ಮಾತ್ರ ಎರಡು ಹಳೆಯ ತಗಡು ಹಾಕಿ ಕಲ್ಲು ಹೇರಿದೆ. ಹನ್ನೆರಡು ಅಡಿ ಉದ್ದ, ಐದು ಅಡಿ ಎತ್ತರ ಆಯಿತು.

ಬಚ್ಚಲಿಗೆ ಅಸ್ತ್ರ ಒಲೆ ಹಾಕಿಸುವ ಮಾತೂ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಒಲೆ ಅದು. ಕಟ್ಟಿಗೆ ಕಡಿಮೆ ಸಾಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ದೊಡ್ಡಮ್ಮನಿಗೆ ಹಳೆಯ ಒಲೆ ಒಡೆಯಲು ಮನಸ್ಸಿಲ್ಲ. ನಾನು ಮತ್ತೆ ಕೇಳುತ್ತೇನೆ.

ಇನ್ನು ಎರಡು ಕೆಲಸ ಬಾಕಿ. ಗಂಟುಗಳೇ ತುಂಬಿದ ಒಂದು ಅಕೇಶಿಯಾ ಕುಂಟೆ ನಮ್ಮಿಬ್ಬರಿಗೂ ಬಗ್ಗಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಜೋರಾದ ಮೇಲೆ ಬೆಣೆ ಹಾಕಿ ನೋಡೋಣ ಎಂದಿದ್ದಾರೆ ಗೌಡರು. ರೋಹಿಣಿ ಮಳೆಗೆ ಮುಂಚೆ ಇಷ್ಟನ್ನೂ ಕೊಟ್ಟಿಗೆಯ ಅಟ್ಟಕ್ಕೆ ಏರಿಸಬೇಕು. ಮೇ ಎರಡನೇ ವಾರಕ್ಕೆ ಈಗಲೇ ರಜೆ ಬರೆದಿಟ್ಟಿದ್ದೇನೆ.