ಮಾಚೇನಹಳ್ಳಿಯಲ್ಲಿ ಅರ್ಧ ಮಿಲಿಮೀಟರ್ ಬಿರುಕು

'ವಿಮಾನಕ್ಕೆ ಬಿರುಕು ಹಾಕುವವನು' ಎಂದು ಶಿವಮೊಗ್ಗ ಬಳಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನನಗೆ ಹೆಸರು ಬಿದ್ದಿದೆ. ಮೊದಮೊದಲು ಗೇಲಿಗೆ ಕರೆಯುತ್ತಿದ್ದರು. ಈಗ ಅದೇ ಜನ ಡೈ ಕೆಲಸ, ಅಂದರೆ ಅಚ್ಚು ಮಾಡುವ ಕೆಲಸ, ಕೈಯಲ್ಲಿ ಇಲ್ಲದಾಗ ಬಂದು, "ಆ ಬ್ಲಾಕಿನ ಕೆಲಸದಲ್ಲಿ ನಮಗೂ ಸ್ವಲ್ಪ ಪಾಲು ಕೊಡಿ" ಎನ್ನುತ್ತಾರೆ. ಪಾಲು ಕೊಡುವುದಿಲ್ಲ. ಹೇಗೆ ಮಾಡಿದೆ ಎಂದು ಹೇಳಲು ಅಡ್ಡಿಯಿಲ್ಲ, ಅದೂ ಒಂದೆರಡು ಸಂಗತಿ ನನ್ನಲ್ಲೇ ಇಟ್ಟುಕೊಂಡು.

ನಾವು ಮಾಡುವುದು ಎಡ್ಡಿ ಕರೆಂಟ್ ತಪಾಸಣೆಗೆ, ಅಂದರೆ ಲೋಹದಲ್ಲಿ ಸುಳಿ ವಿದ್ಯುತ್ ಎಬ್ಬಿಸಿ ಬಿರುಕು ಹುಡುಕುವ ಪರೀಕ್ಷೆಗೆ, ಹೋಲಿಸಿ ನೋಡಲು ಬೇಕಾದ ರೆಫರೆನ್ಸ್ ಬ್ಲಾಕ್. ಅಂಗೈಯಲ್ಲಿ ಹಿಡಿಸುವ ಅಲ್ಯೂಮಿನಿಯಂ ತುಂಡು. ಅದರ ಮೇಲೆ 0.2, 0.5 ಮತ್ತು 1.0 ಮಿಲಿಮೀಟರ್ ಆಳದ ಮೂರು ಗೀರುಗಳು. ತಪಾಸಣೆಗಾರ ತನ್ನ ಪ್ರೋಬನ್ನು, ಅಂದರೆ ತಪಾಸಣೆಯ ಕಡ್ಡಿಯನ್ನು, ಮೊದಲು ಈ ಗೀರುಗಳ ಮೇಲೆ ಎಳೆಯುತ್ತಾನೆ, ಪರದೆಯ ಮೇಲೆ ಏಳುವ ಗೆರೆಯ ಎತ್ತರವನ್ನು ಹೊಂದಿಸಿಕೊಳ್ಳುತ್ತಾನೆ, ಆಮೇಲೆ ವಿಮಾನದ ಮೈ ಮುಟ್ಟುತ್ತಾನೆ. ಬ್ಲಾಕಿನ ಅರ್ಧ ಮಿಲಿಮೀಟರ್ ಸುಳ್ಳಾದರೆ ಅವನು ಅಲ್ಲಿ ಕಾಣುವುದೆಲ್ಲ ಸುಳ್ಳು.

ಈ ಹುಚ್ಚು ಹತ್ತಿಸಿದವರು ಅಕ್ಕನ ಗಂಡ. ಬೆಂಗಳೂರಿನಲ್ಲಿ ವಿಮಾನ ದುರಸ್ತಿಯ ಹ್ಯಾಂಗರ್ ಒಂದರಲ್ಲಿ ಎನ್‌ಡಿಟಿ, ಅಂದರೆ ಭಾಗಗಳನ್ನು ಒಡೆಯದೆ ಪರೀಕ್ಷಿಸುವ ವಿಭಾಗದಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಬಿರುಕಿನ ಮಾತೇ. ಅವರು ಹೇಳಿದ್ದರಲ್ಲಿ ನನ್ನ ತಲೆಗೆ ಹತ್ತಿದ್ದು 2011ರ ಏಪ್ರಿಲ್ 1ರ ಘಟನೆ. ಅಮೆರಿಕದಲ್ಲಿ ಫೀನಿಕ್ಸ್‌ನಿಂದ ಹೊರಟ ಸೌತ್‌ವೆಸ್ಟ್ ಕಂಪನಿಯ ಬೋಯಿಂಗ್ 737-300 ಮೇಲೇರಿದಾಗ ಛಾವಣಿ ಸುಮಾರು ಒಂದೂವರೆ ಮೀಟರ್ ಉದ್ದಕ್ಕೆ ಸೀಳಿತು. ವಿಮಾನ ಯೂಮಾದಲ್ಲಿ ಇಳಿಯಿತು, ಜೀವ ಹೋಗಲಿಲ್ಲ. ಕೆಲವೇ ದಿನಗಳಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ತುರ್ತು ಆದೇಶ ಹೊರಡಿಸಿತು: ಆ ಬಗೆಯ ಹಳೆಯ ವಿಮಾನಗಳ ಛಾವಣಿಯ ಜೋಡಣೆಯನ್ನು ಎಡ್ಡಿ ಕರೆಂಟ್‌ನಲ್ಲಿ ನೋಡಬೇಕು, ಆಮೇಲೂ 500 ಹಾರಾಟ ಮೀರದಂತೆ ಮತ್ತೆ ಮತ್ತೆ ನೋಡುತ್ತಿರಬೇಕು. ತನಿಖೆಯಲ್ಲಿ ಹೊರಬಿದ್ದ ಕಾರಣ ನಮ್ಮಂಥ ಟೂಲ್‌ರೂಮಿನವರಿಗೆ ತಕ್ಷಣ ಅರ್ಥವಾಗುವಂಥದ್ದು. ಕಾರ್ಖಾನೆಯಲ್ಲಿ ಆ ಹಾಳೆಯನ್ನು ಜೋಡಿಸುವಾಗಲೇ ರಿವೆಟ್ ತೂತುಗಳು ಒಂದಕ್ಕೊಂದು ಸರಿಯಾಗಿ ಕೂತಿರಲಿಲ್ಲ. ತೂತು ಹೊಂದದ ಜಾಬ್ ನಮ್ಮಲ್ಲಿ ಮರುದಿನವೇ ವಾಪಸು ಬರುತ್ತದೆ. ಅಲ್ಲಿ ಹದಿನೈದು ವರ್ಷ ಹಾರಿದ ಮೇಲೆ ಲೆಕ್ಕ ಕೇಳಿತು.

ಇಂಥ ಆದೇಶಕ್ಕೆ ಹ್ಯಾಂಗರ್‌ನವರು ಎಡಿ (ಏರ್‌ವರ್ದಿನೆಸ್ ಡೈರೆಕ್ಟಿವ್) ಎನ್ನುತ್ತಾರೆ. ವಿಮಾನ ವಿನ್ಯಾಸಗೊಂಡ ದೇಶ ಹೊರಡಿಸಿದ್ದನ್ನು ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಇಲ್ಲೂ ಕಡ್ಡಾಯ ಮಾಡುತ್ತದೆ. ಗಡುವಿನೊಳಗೆ ತಪಾಸಣೆ ಮುಗಿದು ಸಹಿ ಬೀಳದಿದ್ದರೆ ವಿಮಾನ ನಿಂತಲ್ಲೇ ನಿಲ್ಲಬೇಕು. ಹೀಗಾಗಿ ಗಡುವು ಹತ್ತಿರ ಬಂದಾಗ ಬ್ಲಾಕಿಗೆ ಎಲ್ಲಿಲ್ಲದ ಬೆಲೆ. "ಹೊರದೇಶದಿಂದ ಬರಲು ಆರೇಳು ವಾರ, ಸುಂಕ ಎಲ್ಲ ಸೇರಿ ಮೂವತ್ತು ಸಾವಿರದ ಮೇಲೆ" ಎಂದು ಭಾವ ಒಮ್ಮೆ ಗೊಣಗಿದರು. ನಾನು ಮಾಡಿಕೊಡುತ್ತೇನೆ ಎಂದೆ. ನಕ್ಕುಬಿಟ್ಟರು. "ನಿನ್ನ ಬ್ಲಾಕನ್ನು ಆಡಿಟರ್ ಮುಂದೆ ಇಟ್ಟರೆ ನನ್ನ ಕೆಲಸ ಹೋಗುತ್ತದೆ ಮಾರಾಯ."

ಮಷೀನ್ ನನ್ನ ಹತ್ತಿರ ಇದ್ದೇ ಇತ್ತು. ಕೊಯಮತ್ತೂರಿನಲ್ಲಿ ಮೂರೂವರೆ ಲಕ್ಷದ ಆಸುಪಾಸಿಗೆ ಕೊಂಡ ಹಳೆಯ ಸ್ಪಾರ್ಕ್ ಮಷೀನ್, ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವಂಥದ್ದು. ಇಂಜೆಕ್ಷನ್ ಮೋಲ್ಡಿನ ಮೂಲೆ ತೆಗೆಯಲು ತಂದದ್ದು. ಅದರಲ್ಲಿ ಇಂಥ ಗೀರು ಬರುವುದಿಲ್ಲ ಎಂದು ಹೇಳದವರೇ ಇರಲಿಲ್ಲ.

ಮೊದಲ ಹೊಡೆತ ಮಷೀನಿನಿಂದ ಬರಲಿಲ್ಲ, ಲೋಹದಿಂದ ಬಂತು. ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ ದರ್ಜೆ 7075-ಟಿ6 ಎಂದು ಬಣ್ಣದಲ್ಲಿ ಬರೆದಿದ್ದ ಪ್ಲೇಟನ್ನು ಒಬ್ಬ ವ್ಯಾಪಾರಿಯಿಂದ ಎಂಟೊಂಬತ್ತು ಸಾವಿರ ಕೊಟ್ಟು ತರಿಸಿದ್ದೆ. ಭಾವ ಊರಿಗೆ ಬಂದಾಗ ಚೀಲದಿಂದ ವಾಹಕತೆ ಅಳೆಯುವ ಮೀಟರ್ ತೆಗೆದು ಅದರ ಮೇಲೆ ಇಟ್ಟರು. ಶುದ್ಧ ತಾಮ್ರವನ್ನು ನೂರು ಎಂದು ಹಿಡಿದರೆ 7075-ಟಿ6 ಮೂವತ್ತೆರಡು, ಮೂವತ್ತಮೂರರ ಹತ್ತಿರ ತೋರಿಸಬೇಕು. ನಲವತ್ತಮೂರು ತೋರಿಸಿತು. ಅದು 6061, ಬೇರೆ ದರ್ಜೆಯ ಅಲ್ಯೂಮಿನಿಯಂ. ನೋಟದಲ್ಲಿ, ತೂಕದಲ್ಲಿ, ಚಿಪ್ಸ್ ಬೀಳುವ ರೀತಿಯಲ್ಲಿ ನಮಗೆ ದೊಡ್ಡ ವ್ಯತ್ಯಾಸ ಕಾಣದು. ಎಡ್ಡಿ ಕರೆಂಟಿಗೆ ಮಾತ್ರ ಅದು ಬೇರೆಯೇ ಲೋಹ. ಗೆರೆ ಏಳುವ ಕೋನವೇ ಬದಲಾಗುತ್ತದೆ. ವ್ಯಾಪಾರಿ ಫೋನ್ ಎತ್ತುವುದನ್ನು ನಿಲ್ಲಿಸಿದ. ಆ ಪ್ಲೇಟಿನಲ್ಲಿ ವೈಸ್‌ಗೆ ಮೆತ್ತನೆಯ ಜಾ ಮಾಡಿಕೊಂಡೆವು. ಅಂದಿನಿಂದ ತಯಾರಕರ ಮಿಲ್ ಸರ್ಟಿಫಿಕೇಟ್ ಮತ್ತು ಲೋಹ ಕರಗಿಸಿದ ಕಂತು ಯಾವುದೆಂದು ಹೇಳುವ ಹೀಟ್ ನಂಬರ್ ಇಲ್ಲದ ಲೋಹ ನಮ್ಮ ಶೆಡ್ಡಿನ ಬಾಗಿಲು ದಾಟುವುದಿಲ್ಲ. ಸರ್ಟಿಫಿಕೇಟ್ ಇದ್ದರೂ ಮೀಟರ್ ಇಟ್ಟು ನೋಡುತ್ತೇನೆ. ಸ್ವಂತ ಮೀಟರಿಗೇ ಲಕ್ಷದ ಮೇಲೆ ಬಿತ್ತು. ಈ ವ್ಯವಹಾರದಲ್ಲಿ ನಾನು ಹಾಕಿದ ಹಣದ ದೊಡ್ಡ ಪಾಲು ಅದೇ.

ಇನ್ನು ಕಿಡಿ ಹಾರಿಸುವ ಎಲೆಕ್ಟ್ರೋಡ್. ಗೀರಿನ ಅಗಲ 0.12 ಮಿಲಿಮೀಟರ್ ದಾಟಬಾರದು. ಕಿಡಿ ಹಾರುವ ಅಂತರ (ಸ್ಪಾರ್ಕ್ ಗ್ಯಾಪ್) ಕಳೆದರೆ ಎಲೆಕ್ಟ್ರೋಡ್ 0.08ರಷ್ಟು ತೆಳುವಾಗಿರಬೇಕು, ಅಂದರೆ ತಾಮ್ರದ ಶಿಮ್, ಕಾಗದದಂಥ ತೆಳು ಪಟ್ಟಿ. ಅದು ಎಣ್ಣೆಯ ಹೊಡೆತಕ್ಕೆ ಬಳುಕುತ್ತದೆ. ಮೊದಲ ತಿಂಗಳುಗಳಲ್ಲಿ ತೆಗೆದ ಗೀರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆಗುಂಬೆ ಘಾಟಿಯ ತಿರುವುಗಳಂತೆ ಕಾಣುತ್ತಿದ್ದವು. ಫ್ಲಶಿಂಗ್, ಅಂದರೆ ಕಸ ತೊಳೆಯುವ ಎಣ್ಣೆಯ ಹರಿವು, ಕಡಿಮೆ ಮಾಡಿದರೆ ಕಸ ಸಿಕ್ಕಿಕೊಂಡು ಆರ್ಕ್ ಹೊಡೆದು ತಳದಲ್ಲಿ ಗುಂಡಿ. ಹೆಚ್ಚು ಮಾಡಿದರೆ ಶಿಮ್ ಅಲ್ಲಾಡಿ ಅಗಲ ಹೆಚ್ಚು. ಶಿಮ್ಮನ್ನು ಎರಡು ಕಡೆಯಿಂದ ಬಿಗಿಯಾಗಿ ಹಿಡಿದು ತುದಿ ಮಾತ್ರ ಹೊರಗೆ ಬರುವಂತೆ ಒಂದು ಹೋಲ್ಡರ್ ಮಾಡಿದೆವು. ಅದರ ಒಳಗೆ ಏನು ತುಂಬಿದೆ, ತುದಿ ಎಷ್ಟು ಹೊರಗಿರುತ್ತದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕರೆಂಟಿನ ಸೆಟ್ಟಿಂಗ್ ಕೂಡ ಕೇಳಬೇಡಿ. ಮಷೀನಿನ ಕೈಪಿಡಿಯಲ್ಲಿರುವ ಕನಿಷ್ಠಕ್ಕಿಂತ ಕೆಳಗೆ ಹೋಗಲು ದಾರಿಯಿದೆ ಎಂದಷ್ಟೇ ಹೇಳುತ್ತೇನೆ.

ಆಳದ ವಿಷಯಕ್ಕೆ ಬಂದರೆ, ಡಯಲ್ 0.50 ಎನ್ನುತ್ತದೆ, ಗೀರು 0.41 ಇರುತ್ತದೆ. ಎಲೆಕ್ಟ್ರೋಡ್ ತುದಿ ಸವೆದ ಲೆಕ್ಕ ಅದು. ಒಂದೊಂದು ಗೀರಿಗೆ ಹೊಸ ಶಿಮ್ ಹಾಕಿ ಕೊನೆಯ ಕೆಲವು ಮೈಕ್ರಾನ್ ಇಳಿಸುತ್ತೇವೆ. ಅದು ಟೂಲ್‌ರೂಮಿನವರಿಗೆಲ್ಲ ಗೊತ್ತಿರುವುದೇ. ಆದರೆ ಕೂದಲಿನಷ್ಟು ಅಗಲದ ಗೀರಿನ ಆಳವನ್ನು ಅಳೆಯುವುದು ಹೇಗೆ? ಯಾವ ಗೇಜೂ ಒಳಗೆ ಇಳಿಯುವುದಿಲ್ಲ. ಅಚ್ಚು ತೆಗೆಯುವ ವಿದೇಶಿ ಪೇಸ್ಟ್ ಸಿಗುತ್ತದೆ, ಸಣ್ಣ ಟ್ಯೂಬಿಗೇ ಐದಾರು ಸಾವಿರ. ಹಲ್ಲಿನ ವೈದ್ಯರ ಬಳಿ ದವಡೆಗೆ ಕ್ಯಾಪ್ ಹಾಕಿಸಿಕೊಳ್ಳಲು ಹೋಗಿದ್ದಾಗ ಅಚ್ಚಿಗೆಂದು ಬಾಯಲ್ಲಿ ತುಂಬಿದ ತೆಳು ಸಿಲಿಕೋನನ್ನು ನೋಡಿ, ಅದನ್ನೇ ಶಿವಮೊಗ್ಗದ ದುರ್ಗಿಗುಡಿಯಿಂದ ತಂದು ಗೀರಿನ ಮೇಲೆ ಒತ್ತಿದೆ. ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ನಿಧಾನಕ್ಕೆ ಎಬ್ಬಿಸಿದರೆ ಗೀರಿನ ಆಕಾರದ ಸಣ್ಣ ಗೋಡೆಯೊಂದು ಎದ್ದು ನಿಲ್ಲುತ್ತದೆ. ಅದನ್ನು ಬ್ಲೇಡಿನಲ್ಲಿ ಅಡ್ಡ ಕೊಯ್ದು, ನೆರಳನ್ನು ದೊಡ್ಡದಾಗಿ ತೋರಿಸುವ ಪ್ರೊಫೈಲ್ ಪ್ರೊಜೆಕ್ಟರಿನಲ್ಲಿ ಇಟ್ಟರೆ ತಳದ ದುಂಡು ಕೂಡ ಕಾಣುತ್ತದೆ. ಖರ್ಚು ಅಚ್ಚಿಗೆ ಹತ್ತಿಪ್ಪತ್ತು ರೂಪಾಯಿ.

ಅಚ್ಚು ನಿಜ ಹೇಳುತ್ತದೆಯೇ ಎನ್ನುವುದು ಮುಂದಿನ ಪ್ರಶ್ನೆ. ಅದಕ್ಕೆ ಬ್ಲಾಕನ್ನೇ ಕೊಯ್ಯಬೇಕು. ಭದ್ರಾವತಿಯಲ್ಲಿ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯ ಪ್ರಯೋಗಾಲಯದಿಂದ ನಿವೃತ್ತರಾದ ಹಿರಿಯರೊಬ್ಬರು ಸಿಕ್ಕರು. ಅವರ ಮನೆಯ ಹಿಂದಿನ ಕೋಣೆಯಲ್ಲಿ ಈಗಲೂ ಪಾಲಿಷ್ ಚಕ್ರ, ಸೂಕ್ಷ್ಮದರ್ಶಕ ಇವೆ. ನಾನು ಕೊಯ್ದು ಕೊಟ್ಟ ತುಂಡುಗಳನ್ನು ರಾಳದಲ್ಲಿ ಕೂರಿಸಿ, ಉಜ್ಜಿ, ಆಳ ನೋಡಿ ಹೇಳುತ್ತಿದ್ದರು. ದುಡ್ಡು ಮುಟ್ಟಲಿಲ್ಲ, ಅಡಿಕೆ ಮಾತ್ರ ಒಳ್ಳೆಯದೇ ಆಗಬೇಕು. ಅಚ್ಚಿಗೂ ಕೊಯ್ದ ತುಂಡಿಗೂ ಹತ್ತು ಮೈಕ್ರಾನ್ ಒಳಗಿನ ವ್ಯತ್ಯಾಸ ಬಂದ ದಿನ ಅವರೇ ಭಾವನಿಗೆ ಫೋನ್ ಮಾಡಿ, "ಹುಡುಗನ ಕೆಲಸ ಸರಿಯಾಗಿದೆ" ಎಂದರು. ನನಗಾಗಲೇ ನಲವತ್ತೇಳು ವರ್ಷ.

ಮಲೆನಾಡಿನ ಮಳೆಯ ವಿಷಯ ಹೇಳಲೇಬೇಕು. ಜೂನ್ ಬಂತೆಂದರೆ ಅಲ್ಯೂಮಿನಿಯಂಗೆ ತೊಂದರೆ ಕಡಿಮೆ, ಉಕ್ಕಿನ ಬ್ಲಾಕಿಗೆ ರಾತ್ರಿ ಕಳೆಯುವುದರೊಳಗೆ ತುಕ್ಕು. ಲ್ಯಾಂಡಿಂಗ್ ಗೇರ್ ಭಾಗಗಳಿಗೆಂದು 4340 ಉಕ್ಕಿನಲ್ಲಿ ಮಾಡಿದ ಒಂದು ಕಂತು ಹೀಗೇ ಹೋಯಿತು. ಗೀರಿನೊಳಗೆ ಹಿಡಿದ ತುಕ್ಕನ್ನು ತೆಗೆಯಲು ಹೋದರೆ ಗೀರೇ ಅಗಲವಾಗುತ್ತದೆ. ಈಗ ಉಕ್ಕಿನ ಕೆಲಸವನ್ನು ದೀಪಾವಳಿ ಮುಗಿದ ಮೇಲೆಯೇ ಹಿಡಿಯುವುದು. ವೋಲ್ಟೇಜ್ ಕುಸಿದಾಗ ಏರಿಳಿತ ನಡೆಸುವ ಸರ್ವೋ ಬೆಚ್ಚಿ ಎಲೆಕ್ಟ್ರೋಡ್ ತಳಕ್ಕೆ ತಗುಲುವುದು ಇನ್ನೊಂದು ಕಾಟ. ಸ್ಟೆಬಿಲೈಜರ್ ಹಾಕಿದ ಮೇಲೂ ಮಿಂಚು ಗುಡುಗಿದ್ದರೆ ಮಷೀನ್ ಆಫ್.

ನಡುವೆ ಒಂದು ಅಡ್ಡದಾರಿ ಹಿಡಿದೆ. ಸ್ಪಾರ್ಕಿನ ಗೀರು ನಿಜವಾದ ಬಿರುಕಲ್ಲ. ನಿಜವಾದ ಬಿರುಕಿನ ಎರಡು ಗೋಡೆ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಹಾಗಾದರೆ ನಿಜವಾದದ್ದನ್ನೇ ಬೆಳೆಸಿದರೆ? ಹಳೆಯ ವೆಟ್ ಗ್ರೈಂಡರಿನ ಮೋಟಾರಿಗೆ ಎಕ್ಸೆಂಟ್ರಿಕ್ (ನಡು ತಪ್ಪಿಸಿ ಕೂರಿಸಿದ ಚಕ್ರ) ಹಾಕಿ, 2024 ದರ್ಜೆಯ ಅಲ್ಯೂಮಿನಿಯಂ ಹಾಳೆಯ ಪಟ್ಟಿಯನ್ನು ಒಂದು ಕಡೆ ಬಿಗಿದು, ಇನ್ನೊಂದು ತುದಿಯನ್ನು ಹಗಲಿರುಳು ಬಗ್ಗಿಸಲು ಬಿಟ್ಟೆ. ಮೊದಲು ಸಣ್ಣ ಗಾಯ ಮಾಡಿ, ಅಲ್ಲಿಂದ ಬಿರುಕು ಹೊರಟ ಮೇಲೆ ಗಾಯವಿದ್ದ ಪದರವನ್ನು ಮಿಲ್ಲಿಂಗಿನಲ್ಲಿ ತೆಗೆದರೆ ಬಿರುಕು ಮಾತ್ರ ಉಳಿಯುತ್ತದೆ. ಹೆಚ್ಚಿನ ಪಟ್ಟಿಗಳು ನಾವು ಊಟಕ್ಕೆ ಹೋದಾಗ ತುಂಡಾಗಿ ಬಿದ್ದವು. ಉಳಿದ ಕೆಲವನ್ನು ಭಾವ ಪ್ರೋಬಿನಲ್ಲಿ ನೋಡಿದರು: ಅದೇ ಅಳತೆಯ ಸ್ಪಾರ್ಕ್ ಗೀರಿಗಿಂತ ಗೆರೆ ಸಣ್ಣದು, ಕಣ್ಣು ತಪ್ಪಿದರೆ ಹೋಯಿತು. ಮಾರಾಟಕ್ಕೆ ಬರುವ ಸರಕಲ್ಲ, ಒಂದರಂತೆ ಇನ್ನೊಂದು ಇರುವುದಿಲ್ಲ. ಆದರೆ ತರಬೇತಿಯವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಬಸ್ ಬಾಡಿ ಕಟ್ಟುವ ಶೆಡ್ಡಿನ ರಿವೆಟ್ ಮೇಸ್ತ್ರಿಯನ್ನು ಕರೆಸಿ, ಎರಡು ಹಾಳೆ ಜೋಡಿಸಿ, ಒಳಗಿನ ಹಾಳೆಯ ಒಂದೇ ತೂತಿನಲ್ಲಿ ಗೀರು ಅಡಗಿಸಿ ಒಂದು ಪ್ಯಾನೆಲ್ ಕೂಡ ಮಾಡಿಸಿದೆ. ಹೊರಗಿನಿಂದ ಕಾಣದ ಆ ಗೀರಿಗೆ ಫ್ರೀಕ್ವೆನ್ಸಿಯನ್ನು ಕೆಲವು ಕಿಲೋಹರ್ಟ್ಸ್‌ಗೆ ಇಳಿಸಬೇಕು. ಕಲಿಯಲು ಬಂದವರಲ್ಲಿ ಅರ್ಧದಷ್ಟು ಜನ ಬೇರೆ ತೂತನ್ನು ತೋರಿಸಿದರಂತೆ. ಮೇಸ್ತ್ರಿಗೆ ಇದನ್ನು ಹೇಳಿದರೆ ಇಂದಿಗೂ ಖುಷಿ.

ಕಾಗದದ ಕೆಲಸ ಬೇಸರದ್ದು, ಬೇಗ ಮುಗಿಸುತ್ತೇನೆ. ಪ್ರಯೋಗಾಲಯಗಳನ್ನು ಪರಿಶೀಲಿಸುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆಯಿರುವ ಪ್ರಯೋಗಾಲಯದ ಅಳತೆ ಪತ್ರ, ಲೋಹದ ಸರ್ಟಿಫಿಕೇಟ್, ವಾಹಕತೆಯ ಅಂಕಿ, ಬ್ಲಾಕಿನ ಮೇಲೆ ಕೆತ್ತಿದ ಕ್ರಮಸಂಖ್ಯೆ. ಆಮೇಲೆ ಹ್ಯಾಂಗರಿನ ಲೆವೆಲ್ ತ್ರೀ, ಅಂದರೆ ಎನ್‌ಡಿಟಿಯ ಅತಿ ಮೇಲಿನ ದರ್ಜೆಯ ಅಧಿಕಾರಿ ವಿಮಾನದ ಎನ್‌ಡಿಟಿ ಕೈಪಿಡಿಗೆ ತಾಳೆ ನೋಡಿ ಒಪ್ಪಬೇಕು. ಭಾವ ಮೊದಲು ನಮ್ಮ ಬ್ಲಾಕನ್ನು ಹೆಸರು ಹೇಳದೆ ವಿದೇಶಿ ಬ್ಲಾಕಿನ ಪಕ್ಕದಲ್ಲಿ ಇಟ್ಟರಂತೆ. 200 ಕಿಲೋಹರ್ಟ್ಸ್‌ನಲ್ಲಿ ಪೆನ್ಸಿಲ್ ಪ್ರೋಬ್ ಎಳೆದಾಗ ಎರಡರ 0.5 ಗೆರೆಗಳೂ ಒಂದರ ಮೇಲೊಂದು ಕೂತವು. ಆ ಹಿರಿಯ ಅಧಿಕಾರಿ ಬ್ಲಾಕನ್ನು ತಿರುಗಿಸಿ, ಮಾಡಿದ್ದು ಎಲ್ಲಿ ಎಂದು ಕೇಳಿದರಂತೆ. ಭಾವ ಪರದೆಯ ಫೋಟೋ ಕಳುಹಿಸಿದ್ದರು. ಶೆಡ್ಡಿನ ಗೋಡೆಯ ಮೇಲೆ ದೊಡ್ಡದು ಮಾಡಿಸಿ ಹಾಕಿದ್ದೇನೆ.

ಈಗ ಬ್ಲಾಕಿಗೆ ಹನ್ನೆರಡು ಸಾವಿರದ ಹತ್ತಿರ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಅಳತೆ ಪತ್ರಕ್ಕೇ ಮೂರು ಸಾವಿರ, ಲೋಹ ಮತ್ತು ಡಬ್ಬಿಗೆ ಒಂದೂವರೆ. ಹಾಳಾಗುವ ಜಾಬ್‌ಗಳ ಲೆಕ್ಕವೂ ಸೇರಿದರೆ ಕೈಯಲ್ಲಿ ಉಳಿಯುವುದು ಐದು. ಹಣ ಬರಲು ಮೂರು ತಿಂಗಳು. ಡೈ ಕೆಲಸ ಬಿಟ್ಟಿಲ್ಲ, ಬಿಡಲು ಆಗುವುದೂ ಇಲ್ಲ. ಶಿವಮೊಗ್ಗದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ "ನಿಮಗಿನ್ನು ಹಬ್ಬ" ಎಂದವರು ಬಹಳ. ಅಲ್ಲಿಗೆ ಬರುವ ವಿಮಾನ ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಗುತ್ತದೆ. ನಮ್ಮ ಬ್ಲಾಕಿಗೆ ಕೆಲಸ ಇರುವುದು ವಾರಗಟ್ಟಲೆ ವಿಮಾನ ಬಿಚ್ಚಿಡುವ ಹ್ಯಾಂಗರಿನಲ್ಲಿ. ಸೋಗಾನೆಯಿಂದ ನನಗೆ ಸಿಕ್ಕ ಲಾಭ ಒಂದೇ: ಭಾವ ಈಗ ಬಸ್ಸಿನಲ್ಲಿ ಬರುವುದಿಲ್ಲ.

ಸದ್ಯ ತಲೆ ಕೆಡಿಸಿರುವುದು ಟೈಟಾನಿಯಂ. 2018ರ ಏಪ್ರಿಲ್‌ನಲ್ಲಿ ಸೌತ್‌ವೆಸ್ಟ್ ಕಂಪನಿಯದೇ ಇನ್ನೊಂದು 737ರಲ್ಲಿ ಎಂಜಿನ್ನಿನ ಫ್ಯಾನ್ ಬ್ಲೇಡ್ ಬುಡದಲ್ಲೇ ಮುರಿದು, ಒಡೆದ ಕಿಟಕಿಯ ಪಕ್ಕದಲ್ಲಿದ್ದ ಪ್ರಯಾಣಿಕರೊಬ್ಬರು ತೀರಿಕೊಂಡರು. ಆಗ 30,000 ಹಾರಾಟ ದಾಟಿದ ಆ ಮಾದರಿಯ ಎಂಜಿನ್ನುಗಳ ಬ್ಲೇಡುಗಳನ್ನು ಇಪ್ಪತ್ತು ದಿನದೊಳಗೆ ಅಲ್ಟ್ರಾಸಾನಿಕ್‌ನಲ್ಲಿ ನೋಡಬೇಕೆಂದು ಆದೇಶ ಬಂತು. ಆ ಬ್ಲೇಡುಗಳೂ ಟೈಟಾನಿಯಂ, ಎಡ್ಡಿ ಕರೆಂಟಿನಲ್ಲಿ ಟೈಟಾನಿಯಂ ನೋಡುವವರೂ ಬ್ಲಾಕ್ ಕೇಳುತ್ತಿದ್ದಾರೆ. ತಾಮ್ರದ ಶಿಮ್ ಅದರ ಮುಂದೆ ಕರಗಿಹೋಗುತ್ತದೆ. ಕಾಪರ್ ಟಂಗ್‌ಸ್ಟನ್ ಇಷ್ಟು ತೆಳುವಾಗಿ ಸಿಗುವುದಿಲ್ಲ, ತಂತಿಯ ಕಿಡಿಯಿಂದ ಕೊಯ್ಯುವ ವೈರ್‌ಕಟ್‌ನಲ್ಲಿ ಸೀಳಿಸಿ ನೋಡುತ್ತಿದ್ದೇನೆ. ಯಾರ ಬಳಿಯಾದರೂ 6ಎಎಲ್-4ವಿ ದರ್ಜೆಯ ಟೈಟಾನಿಯಂ ತುಂಡು ಉಳಿದಿದ್ದರೆ ತೂಕದ ಲೆಕ್ಕದಲ್ಲಿ ಕೊಳ್ಳುತ್ತೇನೆ. ಹೀಟ್ ನಂಬರ್ ಇಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.