ಮೊದಲು ಗೋಡೆ ನೋಡಿ, ಆಮೇಲೆ ಬ್ಯಾಟರಿ

ಕಳೆದ ಮೇ ತಿಂಗಳಲ್ಲಿ ನಮ್ಮ ಮನೆಯ ಸೋಲಾರ್ ಬ್ಯಾಟರಿ ದಿನಾ ಮಧ್ಯಾಹ್ನ ಮೂರಾಯಿತೆಂದರೆ ಮುನಿಸಿಕೊಳ್ಳುತ್ತಿತ್ತು. ಮಾಳಿಗೆ ಮೇಲೆ ರಣ ಬಿಸಿಲು. ಪ್ಯಾನೆಲ್‌ಗಳು ಕರೆಂಟ್ ಕೊಡುತ್ತಿವೆ. ಬ್ಯಾಟರಿ ಮಾತ್ರ ಚಾರ್ಜ್ ಆಗಲು ಒಲ್ಲೆ ಎನ್ನುತ್ತಿದೆ. ಕೊಂಡ ಅಂಗಡಿಗೆ ಫೋನ್ ಮಾಡಿದೆ. "ಬ್ಯಾಟ್ರಿ ಬರಾಬರ್ ಅದರಿ ಸರ, ಗ್ವಾಡಿ ಕಾದದ" ಎಂದರು. ಸಿಟ್ಟು ಬಂತು. ಆದರೆ ಅವರ ಮಾತು ನಿಜ. ಬಿಸಿ ಮೀರಿದರೆ ಬ್ಯಾಟರಿ ಚಾರ್ಜ್ ನಿಲ್ಲಿಸಿಬಿಡುತ್ತದೆ. ಹಿತ್ತಲ ಕಡೆಯ ಪಡುವಣ ಗೋಡೆಗೆ ಅದನ್ನು ಹಾಕಿಸಿದವನು ನಾನೇ. ಒಳಗೆ ಜಾಗ ಯಾಕೆ ಹಾಳು ಎಂಬ ಜಾಣತನ. ಕೊನೆಗೆ ಬಿಚ್ಚಿ ಒಳಗಿನ ಬಡಗಣ ಗೋಡೆಗೆ ಸಾಗಿಸಿದ ಮೇಲೆ ಕಾಟ ನಿಂತಿತು. ಎರಡನೇ ಸಲದ ಕೂಲಿ ದಂಡ.

ಹೀಗಾಗಿ ಗೋಡೆ ಬ್ಯಾಟರಿ ಕೊಳ್ಳುವವರಿಗೆ ನಾನು ಕಂಪನಿ ಹೆಸರಿನಿಂದ ಶುರು ಮಾಡಿ ಎನ್ನುವುದಿಲ್ಲ. ಕಲಬುರಗಿಯಲ್ಲಾಗಲಿ, ಯಾದಗಿರಿಯಲ್ಲಾಗಲಿ, ಬೇಸಿಗೆಯಲ್ಲಿ 42–43 ಡಿಗ್ರಿ ಮಾಮೂಲು. ಜಾಹೀರಾತಿನ ಹೊಳೆಯುವ ಬಿಳಿ ಡಬ್ಬಿಯ ಹಿಂದೆ ತಣ್ಣನೆಯ ದೇಶದ ಗ್ಯಾರೇಜ್ ಇರುತ್ತದೆ. ನಮ್ಮ ಗ್ಯಾರೇಜಿನಲ್ಲಿ ಮೇ ತಿಂಗಳಲ್ಲಿ ಬೈಕಿನ ಸೀಟೇ ಮುಟ್ಟಲು ಆಗುವುದಿಲ್ಲ, ಅಲ್ವಾ?

ಮೊದಲ ಹೆಜ್ಜೆ: ಯಾಕೆ ಬೇಕು?

ಬಿಲ್ ಉಳಿಸಲೋ, ಕರೆಂಟ್ ಹೋದಾಗ ಫ್ಯಾನ್ ತಿರುಗಲೋ? ಇದನ್ನು ಮೊದಲೇ ನಿರ್ಧರಿಸಿ. ಬಿಲ್ ಉಳಿಸಲು ಎಂದಾದರೆ ಒಂದು ಸಣ್ಣ ಲೆಕ್ಕ ಹಾಕೋಣ. 5 ಯೂನಿಟ್ ಹಿಡಿಯುವ ಬ್ಯಾಟರಿಗೆ ಒಂದು ಲಕ್ಷ ರೂಪಾಯಿ ಹೇಳಿದರು ಎಂದುಕೊಳ್ಳಿ. ಅದರಿಂದ ದಿನಕ್ಕೆ 4 ಯೂನಿಟ್ ಕೈಗೆ ಸಿಗುತ್ತದೆ. ಹತ್ತು ವರ್ಷ ಒಂದು ದಿನವೂ ಬಿಡದೆ ಬಳಸಿದರೆ 14,600 ಯೂನಿಟ್. ಅಂದರೆ ಒಂದು ಯೂನಿಟ್ ಕೂಡಿಡಲು 6 ರೂಪಾಯಿ 85 ಪೈಸೆ ಬಿತ್ತು. ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಜೆಸ್ಕಾಂ. ಅದರ ದರ ಯೂನಿಟ್‌ಗೆ ಆರು ರೂಪಾಯಿ ಆಸುಪಾಸು. ನೆಟ್ ಮೀಟರ್ ಇದ್ದರೆ ಹಗಲು ಹೆಚ್ಚಾದದ್ದನ್ನು ಲೈನಿಗೆ ಬಿಟ್ಟು ರಾತ್ರಿ ವಾಪಸ್ ಪಡೆಯಬಹುದು. ಲೈನೇ ನಿಮ್ಮ ಬ್ಯಾಟರಿ ಇದ್ದ ಹಾಗೆ. ಇನ್ನು ಗೃಹ ಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವ ಮನೆಯಲ್ಲಿ ಉಳಿಸಲು ಬಿಲ್ಲೇ ಇಲ್ಲ.

ಪಿಎಂ ಸೂರ್ಯ ಘರ್ ಯೋಜನೆಯನ್ನು ನಂಬಿ ಬ್ಯಾಟರಿಯ ಕನಸು ಕಾಣುವವರೂ ಇದ್ದಾರೆ. 2024ರಲ್ಲಿ ಶುರುವಾದ ಈ ಯೋಜನೆ 1 ಕಿಲೋವ್ಯಾಟ್ ಪ್ಯಾನೆಲ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಅಥವಾ ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ ಕೊಡುತ್ತದೆ. ಅದೆಲ್ಲ ಮಾಳಿಗೆ ಮೇಲಿನ ಪ್ಯಾನೆಲ್ ಲೆಕ್ಕ. ಬ್ಯಾಟರಿಯ ದುಡ್ಡು ನಿಮ್ಮ ಕಿಸೆಯದೇ.

ಹಾಗಾದರೆ ಬ್ಯಾಟರಿ ಬೇಡವಾ? ಬೇಕು, ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಗಿ ಮಕ್ಕಳು, ಮುದುಕರು ಬೆವರಿನಲ್ಲಿ ಎದ್ದು ಕೂರುವ ಮನೆಗೆ ಖಂಡಿತ ಬೇಕು. ಇದು ನಿದ್ದೆಗೆ ಕೊಡುವ ದುಡ್ಡು. ಹಾಗೆಂದುಕೊಂಡು ಕೊಂಡರೆ ಆಮೇಲೆ ಬೇಜಾರಾಗುವುದಿಲ್ಲ.

ಎರಡನೇ ಹೆಜ್ಜೆ: ರಾತ್ರಿಯ ಲೆಕ್ಕ ಬರೆಯಿರಿ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಮಧ್ಯಾಹ್ನ ಎಲ್ಲರೂ ಮನೆಯಲ್ಲೇ, ಕೂಲರ್ ಮುಂದೆ. ಆದರೆ ಆ ಹೊತ್ತಿಗೆ ಬಿಸಿಲೂ ಇರುತ್ತದೆ, ಪ್ಯಾನೆಲ್ ನೇರವಾಗಿ ಕೂಲರ್ ನಡೆಸುತ್ತದೆ. ಬ್ಯಾಟರಿಗೆ ಕೆಲಸ ಬೀಳುವುದು ಹೊತ್ತು ಮುಳುಗಿದ ಮೇಲೆ. ಹಾಗಾಗಿ ರಾತ್ರಿಯದನ್ನು ಮಾತ್ರ ಬರೆಯಿರಿ.

ಒಂದು ಮಾದರಿ ಮನೆ ನೋಡೋಣ. ಹಳೇ ಬಗೆಯ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. ಮೂರು ಫ್ಯಾನ್, 8 ತಾಸು: 1.8 ಯೂನಿಟ್. 180 ವ್ಯಾಟಿನ ಒಂದು ಕೂಲರ್, 8 ತಾಸು: ಸುಮಾರು 1.45. ಫ್ರಿಜ್ ರಾತ್ರಿಯಿಡೀ ಅರ್ಧ ಯೂನಿಟ್. ಐದು ಎಲ್‌ಇಡಿ ಬಲ್ಬ್ ನಾಲ್ಕು ತಾಸು, ವೈಫೈ ಡಬ್ಬಿ, ಎಲ್ಲಾ ಸೇರಿ ಕಾಲು ಯೂನಿಟ್. ಒಟ್ಟು 4 ಯೂನಿಟ್.

ಈಗ ಬ್ಯಾಟರಿ ಮೇಲಿನ ಬರಹ ಓದಿ. 51.2 ವೋಲ್ಟ್, 100 ಆಂಪಿಯರ್ ಅವರ್ ಎಂದಿದ್ದರೆ ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿ. 5.12 ಬಂತು. ಅದು ಕಿಲೋವ್ಯಾಟ್ ಅವರ್, ಅಂದರೆ ನಮ್ಮ ಮೀಟರಿನ ಯೂನಿಟ್. ಪೂರ್ತಿ ಬರಿದು ಮಾಡಬಾರದು, ಆದ್ದರಿಂದ ಹತ್ತು ಪರ್ಸೆಂಟ್ ಬಿಡಿ. ಇನ್ವರ್ಟರ್ ತಾನೂ ಒಂದಿಷ್ಟು ತಿನ್ನುತ್ತದೆ. ಕೈಗೆ ಬರುವುದು 4.2ರ ಸುಮಾರು. ಮಾದರಿ ಮನೆಗೆ ಸರಿಯಾಯಿತು.

ಆದರೆ ಇದು ಇಡೀ ರಾತ್ರಿ ಕರೆಂಟ್ ಇಲ್ಲದಿದ್ದರೆ ಎಂಬ ಲೆಕ್ಕ. ನಿಮ್ಮ ಓಣಿಯಲ್ಲಿ ಎರಡು ಮೂರು ತಾಸು ಮಾತ್ರ ಹೋಗುವುದಾದರೆ ಒಂದೂವರೆ ಯೂನಿಟ್ ಸಾಕು. ಅರ್ಧದಷ್ಟು ಬ್ಯಾಟರಿ ಕೊಂಡರೂ ನಡೆಯುತ್ತದೆ. ಇನ್ನೊಂದು ಗುಟ್ಟು: ಮೂರೂ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ರಾತ್ರಿಗೆ ಒಂದು ಯೂನಿಟ್‌ಗೂ ಜಾಸ್ತಿ ಉಳಿಯುತ್ತದೆ. ಅಷ್ಟು ಹಿಡಿಯುವ ಬ್ಯಾಟರಿಗಿಂತ ಮೂರು ಫ್ಯಾನ್ ಅಗ್ಗ. ಇದನ್ನು ಬ್ಯಾಟರಿ ಮಾರುವವರು ಯಾಕೆ ಹೇಳುತ್ತಾರೆ?

ಎ.ಸಿ. ಓಡಿಸಬೇಕೆಂದರೆ ಕತೆಯೇ ಬೇರೆ. ಒಂದೂವರೆ ಟನ್ನಿನದು ತಾಸಿಗೆ ಒಂದೂಕಾಲು, ಒಂದೂವರೆ ಯೂನಿಟ್ ನುಂಗುತ್ತದೆ. ಮೂರು ತಾಸಿಗೆ 5 ಯೂನಿಟ್ ಬ್ಯಾಟರಿ ಖಾಲಿ. ಬೋರಿನ ಮೋಟರ್ ಕೂಡ ಬ್ಯಾಟರಿ ಮೇಲೆ ಹಾಕಬೇಡಿ. ಒಂದು ಎಚ್‌ಪಿ ಎಂದರೆ 746 ವ್ಯಾಟ್, ನಿಜ. ಆದರೆ ಶುರುವಾಗುವಾಗ ಅದರ ನಾಲ್ಕೈದು ಪಟ್ಟು ಎಳೆಯುತ್ತದೆ. ಟಾಕಿಗೆ ನೀರು ಹಗಲಲ್ಲೇ ಏರಿಸಿ.

ಮೂರನೇ ಹೆಜ್ಜೆ: ಗೋಡೆ

ಇಲ್ಲಿ ಸ್ವಲ್ಪ ನಿಲ್ಲೋಣ. ಯಾವುದೇ ಬಿಸಿಲಿನ ದಿನ ಸಂಜೆ ಐದಕ್ಕೆ, ಬ್ಯಾಟರಿ ಹಾಕಬೇಕೆಂದಿರುವ ಗೋಡೆಗೆ ಅಂಗೈ ಒತ್ತಿ ಇಡಿ. ಬೆಚ್ಚಗಿದೆ ಎನಿಸಿದರೆ ಪರವಾಗಿಲ್ಲ. ಕೈ ತೆಗೆಯಬೇಕು ಅನಿಸಿದರೆ ಆ ಗೋಡೆ ಬೇಡ. ದಪ್ಪ ಕಲ್ಲಿನ ಗೋಡೆ ಹಗಲೆಲ್ಲ ಬಿಸಿ ಕುಡಿದು ರಾತ್ರಿ ಉಗುಳುತ್ತದೆ. ಬ್ಯಾಟರಿ ರಾತ್ರಿ ದುಡಿಯುವಾಗ ತಾನೂ ಬಿಸಿಯಾಗುತ್ತದೆ. ಎರಡೂ ಸೇರಿದರೆ ಆಯಸ್ಸು ಕಡಿಮೆ.

ಬಡಗಣ ಇಲ್ಲವೇ ಮೂಡಣ ಕಡೆಯ, ಮನೆಯ ಒಳಗಿನ ಗೋಡೆ ಎಲ್ಲಕ್ಕಿಂತ ಒಳ್ಳೆಯದು. ಗಾಳಿ ಆಡಬೇಕು. ಛಾವಣಿಗೆ ಹತ್ತಿರ ಹಾಕಬೇಡಿ, ಬಿಸಿ ಗಾಳಿ ನಿಲ್ಲುವುದು ಅಲ್ಲೇ. ನೆಲದಿಂದ ಒಂದಡಿ ಮೇಲಿರಲಿ, ನೆಲ ತೊಳೆಯುವ ನೀರು ತಾಗದ ಹಾಗೆ. ಅಕ್ಕಪಕ್ಕ ಒಂದು ಗೇಣು ಬಿಡಿ. ಮಲಗುವ ಕೋಣೆ, ಅಡುಗೆ ಮನೆ, ದೇವರ ದೀಪದ ಹತ್ತಿರ, ಬಚ್ಚಲಿನ ತೇವ ಇಳಿಯುವ ಗೋಡೆ: ಇವು ಬೇಡವೇ ಬೇಡ. ಮೆಟ್ಟಿಲ ಕೆಳಗಿನ ಮೂಲೆ ಎಲ್ಲರಿಗೂ ಇಷ್ಟ. ಆದರೆ ಹೊಗೆ ಬಂದರೆ ಮನೆಯವರು ಹೊರಗೆ ಓಡುವ ದಾರಿಯೂ ಅದೇ ಆಗಿದ್ದರೆ ಬೇರೆ ಜಾಗ ಹುಡುಕಿ.

ಆಮೇಲೆ ಭಾರ. 5 ಯೂನಿಟ್ ಬ್ಯಾಟರಿ 45ರಿಂದ 55 ಕೆ.ಜಿ. ತೂಗುತ್ತದೆ. ಅರ್ಧ ಕ್ವಿಂಟಲ್ ತೊಗರಿ ಮೂಟೆಯನ್ನು ನಾಲ್ಕು ಬೋಲ್ಟಿಗೆ ತೂಗುಹಾಕಿದಂತೆ, ಅದೂ ಹತ್ತು ವರ್ಷ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ತಡೆಯುತ್ತದೆ. ನಾಲ್ಕೂವರೆ ಇಂಚಿನ ಅಡ್ಡಗೋಡೆ ನಂಬಬೇಡಿ. ನಮ್ಮ ಹಳೇ ಮನೆಗಳದ್ದು ಬೇರೆ ತಕರಾರು. ಕಲ್ಲು ಗಟ್ಟಿ, ನಡುವಿನ ಮಣ್ಣು ಸಡಿಲ. ಡ್ರಿಲ್ ಹೊಡೆದರೆ ಮಣ್ಣು ಉದುರುತ್ತಲೇ ಇರುತ್ತದೆ. "ಇದಕ್ಕ ಬೋಲ್ಟ್ ಹಿಡಿಯಂಗಿಲ್ರಿ" ಎಂದು ಗೌಂಡಿ ಹೇಳಿದರೆ ವಾದ ಮಾಡಬೇಡಿ. ಶಹಾಬಾದ್ ಫರ್ಸಿ, ಅಂದರೆ ಚಪ್ಪಡಿ ಕಲ್ಲು ಹಚ್ಚಿದ ಗೋಡೆಯಲ್ಲಿ ಬೋಲ್ಟ್ ಬರೀ ಫರ್ಸಿಯನ್ನು ಹಿಡಿದಿರುತ್ತದೆ, ಗೋಡೆಯನ್ನಲ್ಲ. ಒಂದು ದಿನ ಫರ್ಸಿ ಸಮೇತ ಕೆಳಗೆ. ಬೀದರ್ ಕಡೆಯ ಜಂಬಿಟ್ಟಿಗೆ ಕಲ್ಲಿನಲ್ಲಿ ತೂತು ಜಾಸ್ತಿ, ಅಂಚು ಪುಡಿಯಾಗುತ್ತದೆ.

ಇಂಥ ಮನೆಗೆ ಉಪಾಯ ಸರಳ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಭಾರವನ್ನು ನೆಲಕ್ಕೆ ಬಿಡಿ. ಗೋಡೆಗೆ ಎರಡು ಬೋಲ್ಟ್, ಮುಂದಕ್ಕೆ ಮಗುಚದಂತೆ ತಡೆಯಲು ಮಾತ್ರ.

ನಾಲ್ಕನೇ ಹೆಜ್ಜೆ: ಒಳಗೆ ಏನಿದೆ?

ಲೀಥಿಯಂ ಎಂದರೆ ಸಾಲದು. ಯಾವ ಲೀಥಿಯಂ ಎಂದು ಕೇಳಿ. ಎಲ್‌ಎಫ್‌ಪಿ, ಅಂದರೆ ಲೀಥಿಯಂ ಜೊತೆ ಕಬ್ಬಿಣ, ಫಾಸ್ಫೇಟ್ ಇರುವುದು ನಮ್ಮ ಬಿಸಿಲಿಗೆ ಹೊಂದುತ್ತದೆ. ಎನ್‌ಎಂಸಿ ಎಂಬ ಇನ್ನೊಂದು ಬಗೆ ಹಗುರ, ಚಿಕ್ಕದು. ಆದರೆ ಬಿಸಿಗೆ ಬೇಗ ಕೆರಳುತ್ತದೆ. ಕಾರಿಗೆ ಹಗುರ ಬೇಕು. ಗೋಡೆಗೆ ಅದರ ಹಂಗಿಲ್ಲ.

ಸೀಸ, ಆಸಿಡ್ ಇರುವ ಹಳೇ ಟ್ಯೂಬುಲರ್ ಬ್ಯಾಟರಿಯನ್ನು ನಾನು ತೆಗಳುವುದಿಲ್ಲ. ದಿನಕ್ಕೆ ಒಂದು ತಾಸು ಕರೆಂಟ್ ಹೋಗುವ ಮನೆಗೆ ಅದೇ ಸಾಕು, ಅಗ್ಗವೂ ಹೌದು. ಆದರೆ 12 ವೋಲ್ಟ್, 150 ಆಂಪಿಯರ್ ಅವರಿನದು 1.8 ಯೂನಿಟ್ ಎಂದರೂ ಅರ್ಧ ಮಾತ್ರ ಬಳಸಬೇಕು. ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮುಚ್ಚಿದ ಕೋಣೆಗೆ ಆಗದು. 25 ಡಿಗ್ರಿ ಮೇಲೆ ಪ್ರತಿ ಹತ್ತು ಡಿಗ್ರಿಗೆ ಅದರ ಬಾಳಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಮ್ಮ ಊರಲ್ಲಿ ಅದು ಯಾಕೆ ಬೇಗ ಕೈಕೊಡುತ್ತದೆ ಎಂದು ಈಗ ಗೊತ್ತಾಯಿತಲ್ಲ.

ಎಲ್‌ಎಫ್‌ಪಿ ಬ್ಯಾಟರಿಯೊಳಗೆ ಬಿಎಂಎಸ್ ಎಂಬ ಎಲೆಕ್ಟ್ರಾನಿಕ್ ಕಾವಲುಗಾರ ಇರುತ್ತಾನೆ. ಬಿಸಿ ಮೀರಿದರೆ ಚಾರ್ಜ್ ನಿಲ್ಲಿಸುವವನು ಅವನೇ. ಆ ಮಿತಿ ಸಾಮಾನ್ಯವಾಗಿ 45ರಿಂದ 55 ಡಿಗ್ರಿ ನಡುವೆ ಇರುತ್ತದೆ. ಕಂಪನಿಯ ವಿವರ ಪತ್ರದಲ್ಲಿ 55 ಬರೆದಿರುವುದನ್ನೇ ಕೊಳ್ಳಿ. ಚಳಿಗಾಲದ ಮಿತಿ ಸೊನ್ನೆ ಡಿಗ್ರಿ. ಬೀದರಿನ ಡಿಸೆಂಬರ್ ಚಳಿಯೂ ಅಲ್ಲಿಗೆ ಇಳಿಯುವುದಿಲ್ಲ, ಅದನ್ನು ಬಿಟ್ಟುಬಿಡಿ. ಸುರಕ್ಷತೆಗೆ ಐಇಸಿ 62619, ಸಾಗಾಟಕ್ಕೆ ಯುಎನ್ 38.3 ಪ್ರಮಾಣಪತ್ರ ಕೇಳಿ. ಹೊರಗೇ ಹಾಕುವ ಗತಿ ಬಂದರೆ ಡಬ್ಬಿಯ ಮೇಲೆ ಧೂಳು, ನೀರು ತಡೆಯುವ ಗುರುತು ಐಪಿ65 ಇರಲಿ. ಆರು ಎಂದರೆ ಧೂಳು ಹೋಗದು, ಐದು ಎಂದರೆ ನೀರು ಚಿಮ್ಮಿದರೂ ತಡೆಯುತ್ತದೆ. ಬಿಸಿಲನ್ನು ಮಾತ್ರ ಯಾವ ಐಪಿಯೂ ತಡೆಯುವುದಿಲ್ಲ, ಮೇಲೆ ನೆರಳು ಮಾಡಲೇಬೇಕು.

ಐದನೇ ಹೆಜ್ಜೆ: ಇನ್ವರ್ಟರ್ ಜೊತೆ ಜೋಡಿ ಕೂಡುತ್ತದಾ?

ಮಾಳಿಗೆ ಮೇಲೆ ಪ್ಯಾನೆಲ್ ಇದ್ದೂ ಕರೆಂಟ್ ಹೋದಾಗ ಮನೆ ಕತ್ತಲೆ ಯಾಕೆ ಎಂದು ತುಂಬಾ ಜನ ಕೇಳುತ್ತಾರೆ. ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಇನ್ವರ್ಟರ್ ಲೈನ್ ಸತ್ತ ಕೂಡಲೇ ತಾನೂ ಬಂದ್ ಆಗುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯ ಕರೆಂಟ್ ಹೊಡೆಯಬಾರದು ಎಂದು ಬೇಕೆಂದೇ ಮಾಡಿದ ಏರ್ಪಾಡು. ಅದಕ್ಕೆ ಸುಮ್ನೆ ಬ್ಯಾಟರಿ ತಂದು ಸಿಗಿಸಿದರೆ ಆಗದು. ಪ್ಯಾನೆಲ್, ಲೈನ್, ಬ್ಯಾಟರಿ ಮೂರನ್ನೂ ನಡೆಸುವ ಹೈಬ್ರಿಡ್ ಇನ್ವರ್ಟರ್ ಬೇಕು, ಇಲ್ಲವೇ ತನ್ನದೇ ಇನ್ವರ್ಟರ್ ಇರುವ ಬ್ಯಾಟರಿ ಬೇಕು. ಎರಡೂ ಒಂದೇ ಕಂಪನಿಯದು ಆಗಬೇಕೆಂದಿಲ್ಲ. ಇನ್ವರ್ಟರ್ ಕಂಪನಿ ಕೊಡುವ ಪಟ್ಟಿಯಲ್ಲಿ ಆ ಬ್ಯಾಟರಿ ಮಾಡೆಲ್ ಇದೆಯೇ ನೋಡಿ. ಮಾತು ಕೂಡದ ಜೋಡಿಯಾದರೆ ಬ್ಯಾಟರಿ ಅರ್ಧ ತುಂಬಿದಾಗಲೇ ಫುಲ್ ಎಂದು ತೋರಿಸಬಹುದು.

ಎಷ್ಟು ಹಿಡಿಯುತ್ತದೆ ಎನ್ನುವುದರ ಜೊತೆ ಒಮ್ಮೆಗೆ ಎಷ್ಟು ಕೊಡುತ್ತದೆ ಎಂದೂ ಕೇಳಿ. 5 ಯೂನಿಟ್ ಬ್ಯಾಟರಿಗಳಲ್ಲಿ ಕೆಲವು ಎರಡೂವರೆ ಕಿಲೋವ್ಯಾಟ್ ಮಾತ್ರ ಕೊಡುತ್ತವೆ. ಟಾಕಿ ದೊಡ್ಡದು, ನಳ ಸಣ್ಣದು. ಕೂಲರ್ ನಡೆಯುತ್ತಿರುವಾಗ ಮಿಕ್ಸರ್, ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಹಚ್ಚಿದರೆ ಟ್ರಿಪ್ ಆಗಬಹುದು.

ಆರನೇ ಹೆಜ್ಜೆ: ವೈರಿಂಗ್, ಅರ್ಥಿಂಗ್

ಫ್ಯಾನ್, ಲೈಟ್, ಫ್ರಿಜ್‌ಗೆ ಬೇರೆ ಲೈನ್ ಎಳೆಸಿ, ಅದನ್ನು ಮಾತ್ರ ಬ್ಯಾಟರಿಗೆ ಕೊಡಿ. ಗೀಸರ್, ಎ.ಸಿ., ಮೋಟರ್ ಮೇನ್ ಮೇಲೆಯೇ ಇರಲಿ. ಅರ್ಥಿಂಗ್ ಬಗ್ಗೆ ನಮ್ಮವರಿಗೆ ಅಸಡ್ಡೆ. ಎರೆ ಮಣ್ಣು ಒದ್ದೆ ಇದ್ದಾಗ ಒಳ್ಳೆ ಅರ್ಥ್ ಕೊಡುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ರಾಡ್ ಒಂದು ಕಡೆ, ಮಣ್ಣು ಒಂದು ಕಡೆ. ವಾರಕ್ಕೊಂದು ಕೊಡ ನೀರು ಆ ಗುಂಡಿಗೆ ಹಾಕಿ.

ಏಳನೇ ಹೆಜ್ಜೆ: ವಾರಂಟಿ ಕಾಗದ

ಹತ್ತು ವರ್ಷ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಸಣ್ಣಕ್ಷರ ಓದಿ. ಎಷ್ಟು ಸೈಕಲ್, ಅಂದರೆ ಎಷ್ಟು ಸಲ ತುಂಬಿ ಬರಿದು ಮಾಡಬಹುದು? ಹತ್ತು ವರ್ಷದ ಕೊನೆಗೆ ಎಷ್ಟು ಪರ್ಸೆಂಟ್ ಉಳಿದಿರಬೇಕು, 60 ಅಥವಾ 70? ಎಷ್ಟು ಡಿಗ್ರಿ ಮೀರಿದರೆ ವಾರಂಟಿ ರದ್ದು? ಬಿಎಂಎಸ್ ದಿನದಿನದ ಬಿಸಿಯನ್ನು ಬರೆದಿಟ್ಟಿರುತ್ತದೆ, ನಾಳೆ ಅದೇ ನಿಮ್ಮ ವಿರುದ್ಧ ಸಾಕ್ಷಿ. ಕೆಟ್ಟರೆ ಯಾರು ಬರುತ್ತಾರೆ, ಎಲ್ಲಿಂದ? ಬೆಂಗಳೂರಿನಿಂದ ಬರುವವರಿಗಿಂತ ಸೊಲ್ಲಾಪುರ, ಹೈದರಾಬಾದಿನಿಂದ ಬರುವವರು ನಮಗೆ ಹತ್ತಿರ. ಬ್ಯಾಟರಿ ಬಿಚ್ಚಿ ಕಳಿಸುವ ಖರ್ಚು ಯಾರದು ಎಂಬುದನ್ನೂ ಬರೆಸಿಕೊಳ್ಳಿ.

ಕೂರಿಸಿದ ದಿನ ಕೊನೆಯ ಕಂತು ಕೊಡುವ ಮುನ್ನ ಒಂದು ಕೆಲಸ. ಕತ್ತಲಾದ ಮೇಲೆ, ಅವರ ಹುಡುಗರು ಅಲ್ಲೇ ಇರುವಾಗ, ಮೇನ್ ಸ್ವಿಚ್ ಇಳಿಸಿ. ಫ್ಯಾನ್, ಕೂಲರ್, ಫ್ರಿಜ್ ಎಲ್ಲಾ ಹಚ್ಚಿ ಎರಡು ತಾಸು ನಡೆಸಿ. ಶುರುವಿನಲ್ಲಿ ಎಷ್ಟು ಪರ್ಸೆಂಟ್ ಇತ್ತು, ಕೊನೆಗೆ ಎಷ್ಟು ಉಳಿಯಿತು ಎಂದು ಬರೆದಿಡಿ. ಹುಡುಗರಿಗೆ ಅಷ್ಟು ಹೊತ್ತು ಕೂರಲು ಬೇಜಾರು. ಚಹಾ, ಒಂದು ಪ್ಲೇಟ್ ಮಿರ್ಚಿ ಭಜಿ ತರಿಸಿ.