ಕೊಡಗಿನಲ್ಲಿ ವನ್ಯಜೀವಿ ಶಿಕ್ಷಕರ ಸಮಾವೇಶ: ಆತಿಥೇಯರಿಗೆ ಕೆಲವು ಸಲಹೆಗಳು

ವನ್ಯಜೀವಿ ಹಾಗೂ ನಿಸರ್ಗ ಸಂಪನ್ಮೂಲಗಳ ಬಗ್ಗೆ ಕಲಿಸುವವರನ್ನು ಕೊಡಗಿಗೆ ಆಹ್ವಾನಿಸುವವರು ಮೊದಲು ದಿನಾಂಕದ ಬಗ್ಗೆ ಯೋಚಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಜಿಗಣೆ ಮತ್ತು ವಿದ್ಯುತ್ ಕಡಿತದ ನಡುವೆ ಕ್ಷೇತ್ರ ಭೇಟಿ ಕಷ್ಟ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿಯತ್ತ ಜನಸಾಗರವೇ ಬರುವುದರಿಂದ ಕೊಠಡಿ ಸಿಗುವುದಿಲ್ಲ. ಕಾಫಿ ಕೊಯ್ಲು ಶುರುವಾದರೆ ಬೆಳೆಗಾರರಿಗೂ ಕಾರ್ಮಿಕರಿಗೂ ಬಿಡುವಿರುವುದಿಲ್ಲ. ಆದ್ದರಿಂದ ಅಕ್ಟೋಬರ್ ಕೊನೆಯ ವಾರ ಸೂಕ್ತವೆಂಬುದು ನನ್ನ ಅಭಿಪ್ರಾಯ.

ಸಭಾಂಗಣದ ಉಪನ್ಯಾಸಗಳನ್ನು ಅರ್ಧ ದಿನಕ್ಕೆ ಮಿತಿಗೊಳಿಸಿ, ಉಳಿದ ಸಮಯವನ್ನು ತೋಟಕ್ಕೂ ದೇವರಕಾಡಿಗೂ ಕೊಡಿ. ಕಾಫಿ ಹಣ್ಣು ತಿಂದ ಆನೆಯ ಲದ್ದಿಯಲ್ಲಿ ಬೀಜಗಳು ಹಾಗೆಯೇ ಉಳಿದು ಮೊಳಕೆಯೊಡೆದಿರುವುದನ್ನು ಬಗ್ಗಿ ನೋಡಿದ ಶಿಕ್ಷಕರಿಗೆ, ಆನೆಯ ಆಹಾರ, ಬೀಜ ಪ್ರಸಾರ ಮತ್ತು ಮಾನವ-ಆನೆ ಸಂಘರ್ಷ, ಈ ಮೂರೂ ಪಾಠಗಳು ಒಂದೇ ಕಡೆ ಸಿಗುತ್ತವೆ. ಆದರೆ ಮುಂಜಾನೆ ಮತ್ತು ಮುಸ್ಸಂಜೆ ಆನೆಗಳು ತೋಟದ ದಾರಿಗಳಲ್ಲಿ ಓಡಾಡುವುದರಿಂದ, ನಡಿಗೆಯನ್ನು ಬೆಳಗ್ಗೆ 9ರ ನಂತರ ಆರಂಭಿಸಿ ಸಂಜೆ 4ರೊಳಗೆ ಮುಗಿಸಬೇಕು. ಹೊರಡುವ ಮುನ್ನ ಆನೆಗಳು ಎಲ್ಲಿವೆಯೆಂದು ಅರಣ್ಯ ಸಿಬ್ಬಂದಿಯನ್ನು ಕೇಳಲೇಬೇಕು.

ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿದ್ದು, ಅವು ಊರವರು ನಂಬಿಕೆಯಿಂದ ಉಳಿಸಿಕೊಂಡು ಬಂದ ಕಾಡುಗಳು. ಊರಿನ ತಕ್ಕರ (ಪರಂಪರೆಯಿಂದ ಬಂದ ಊರ ಮುಖ್ಯಸ್ಥರ) ಅಥವಾ ದೇವಸ್ಥಾನ ಸಮಿತಿಯ ಒಪ್ಪಿಗೆ ಪಡೆದೇ ಒಳಹೋಗಿ, ಎಲೆಯನ್ನೂ ಕೀಳದಿರಿ. ಆ ಊರಿನ ಹಿರಿಯರೊಬ್ಬರೇ ಮಾತನಾಡಿದರೆ ಇನ್ನೂ ಒಳ್ಳೆಯದು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಅಧ್ಯಾಪಕರನ್ನು ಸಂಪನ್ಮೂಲ ವ್ಯಕ್ತಿಗಳಾಗಿ ಕರೆಯುವುದಿದ್ದರೆ ಪರೀಕ್ಷಾ ವೇಳಾಪಟ್ಟಿಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿ.